ನೀರು ಮುಟ್ಟದ ಬನ್ನು

ನಮ್ಮವ್ವ ಗುರುಮಲ್ಲಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಹಾಡು ಹಸೆ ಬರುತ್ತಿರಲಿಲ್ಲ. ನಾಲ್ಕು ಜನರೆದುರು ಗಟ್ಟಿಯಾಗಿ ಮಾತಾಡಲೂ ಬರುತ್ತಿರಲಿಲ್ಲ. ಬನ್ನು ಮಾಡಲು ಬರುತ್ತಿತ್ತು. ಐವತ್ತರ ದಶಕದ ಗುಂಡ್ಲುಪೇಟೆಯಲ್ಲಿ ಸೌದೆ ಒಲೆಯ ಮುಂದೆ ಕೂತು ಬನ್ನು ಸುಡುತ್ತಿದ್ದ ಹೆಂಗಸು ಇನ್ನೊಬ್ಬಳಿದ್ದಳೆಂದು ನಾನಂತೂ ಕೇಳಿಲ್ಲ. ಆ ಬನ್ನು ಇಲ್ಲದಿದ್ದರೆ ನಾನು ಹುಟ್ಟುತ್ತಲೂ ಇರಲಿಲ್ಲ. ಮಾತು ಚೆನ್ನಾಗಿರಲಿ ಅಂತ ಹೀಗೆ ಹೇಳುತ್ತಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಇದು ನಾನು ಹುಟ್ಟುವ ಮೊದಲಿನ ಸಂಗತಿ. ಅವ್ವನಿಂದ ಕೇಳಿದ್ದೇನೆ, ಅಪ್ಪನಿಂದ ಕೇಳಿದ್ದೇನೆ, ತಾತನಿಂದಲೂ ಕೇಳಿದ್ದೇನೆ. ಅವ್ವ ಕೇಳಿದಷ್ಟಕ್ಕೆ ಮಾತ್ರ ಉತ್ತರ ಹೇಳುತ್ತಿದ್ದಳು. ಅಪ್ಪ ನಗುತ್ತಾ ಹೇಳಲು ಶುರುಮಾಡಿ, ಕೊನೆಗೆ ಬರುವಾಗ ಕಣ್ಣೊರೆಸಿಕೊಳ್ಳುತ್ತಿದ್ದರು. ತಾತ ಮಾತ್ರ ಪ್ರತಿ ಸಲವೂ ತಮ್ಮದೇ ಸರಿ ಎನ್ನುವ ಹಾಗೆ ಹೇಳುತ್ತಿದ್ದರು. ನಾನು ಮೂರನ್ನೂ ಸೇರಿಸಿ, ತಾತನ ಬಡಾಯಿಯನ್ನು ಸ್ವಲ್ಪ ಜರಡಿ ಹಿಡಿದು ಹೇಳುತ್ತಿದ್ದೇನೆ.

ಅವ್ವ ಚಂದಕವಾಡಿಯವಳು. ಚಿಕ್ಕ ವಯಸ್ಸಿಗೇ ಮದುವೆಯಾಗಿ ಗಂಡನ ಜೊತೆ ಗೂಡಲೂರಿಗೆ ಹೋಗಿದ್ದಳು. ಆತ ಅಲ್ಲಿ ಟೀ ಎಸ್ಟೇಟಿನ ಗಾಡಿ ಹೊಡೆಯುತ್ತಿದ್ದ. ಚಳಿಜ್ವರ ಬಂದು ತೀರಿಕೊಂಡ. ಅವ್ವ ಬಟ್ಟೆಗಂಟು ಹಿಡಿದು ತವರಿಗೆ ಬಂದಳು. ನಮ್ಮಪ್ಪ ಮಹದೇವಪ್ಪ ಬಂಡೀಪುರದಲ್ಲಿ ಫಾರೆಸ್ಟ್ ಗಾರ್ಡು. ಅವರಿಗೂ ಮೊದಲ ಹೆಂಡತಿ ಸತ್ತು, ಮಕ್ಕಳಿರಲಿಲ್ಲ. ನಂಟರು ನಡುವೆ ನಿಂತು ಇಬ್ಬರನ್ನೂ ಕೂಡಿಸಿದರು. ಅಪ್ಪನದನ್ನು ಜನ ಎರಡನೇ ಮದುವೆ ಎಂದರು. ಅವ್ವನದನ್ನು ಕೂಡಿಕೆ ಎಂದರು. ಒಂದೇ ದಿನ, ಒಂದೇ ಚಪ್ಪರ, ಗಂಡಿಗೊಂದು ಹೆಸರು, ಹೆಣ್ಣಿಗೊಂದು ಹೆಸರು. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಕೂಡಿಕೆಯಾಗಿ ಬಂದವಳು ಹಸೆಮಣೆಯ ಹತ್ತಿರ ಸುಳಿಯಬಾರದು, ಆರತಿ ತಟ್ಟೆ ಹಿಡಿಯಬಾರದು. ಇಷ್ಟು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದ್ದದ್ದೇ. ನಮ್ಮ ತಾತ ಚಿಕ್ಕಮಲ್ಲಪ್ಪ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ಮಾದಪ್ಪನ ಒಕ್ಕಲು, ದಿನಾ ಪೂಜೆ ಮಾಡಿ ಉಣ್ಣುವವರು. ಈ ಸೊಸೆ ನೀರು ಹಾಕಿ ಬೇಯಿಸಿದ್ದನ್ನು ತಾವು ಉಣ್ಣುವುದಿಲ್ಲ ಎಂದುಬಿಟ್ಟರು. ಅಜ್ಜಿ ಹೋಗಿ ಆಗಲೇ ಬಹಳ ದಿನವಾಗಿತ್ತು. ಜಗುಲಿಯ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ತಮ್ಮ ಪಾಡಿಗೆ ತಾವೇ ಬೇಯಿಸಿಕೊಂಡು ಉಣ್ಣತೊಡಗಿದರು. ಸೊಸೆಯ ಜೊತೆ ನೇರ ಮಾತಿಲ್ಲ. ಏನಾದರೂ ಹೇಳಬೇಕಾದರೆ ಜಗುಲಿಯ ಕಂಬಕ್ಕೆ ಹೇಳುತ್ತಿದ್ದರು. "ದನದ ಕೊಟ್ಟಿಗೆ ಬಾಗ್ಲು ತೆಗ್ದಿದ್ರೆ ಆಕ್ಬೇಕು" ಎಂದು ಕಂಬಕ್ಕೆ ಹೇಳಿದರೆ ಅವ್ವ ಹೋಗಿ ಹಾಕುತ್ತಿದ್ದಳು. ಅವ್ವನೂ ಕಂಬದ ಕಡೆ ನೋಡಿಕೊಂಡೇ ಉತ್ತರ ಹೇಳುತ್ತಿದ್ದಳು. ಅಂಥ ಘನತೆಯ ಕಂಬ ಇಡೀ ಪೇಟೆಯಲ್ಲಿ ಬೇರೆ ಇರಲಿಲ್ಲ.

ತಾತ ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಅವರು ಕೆಟ್ಟವರಲ್ಲ, ಹಠಮಾರಿ. ದಾರಿಹೋಕರು ಬಾಯಾರಿ ಬಂದರೆ ಯಾರು ಏನು ಎಂದು ಕೇಳದೆ ಮಜ್ಜಿಗೆ ಕೊಡುತ್ತಿದ್ದರು. ತಮ್ಮ ಹೊಟ್ಟೆಗೆ ಹೋಗುವುದರಲ್ಲಿ ಮಾತ್ರ ಎಲ್ಲಿಲ್ಲದ ಲೆಕ್ಕಾಚಾರ.

ಒಂದು ಮಳೆಗಾಲದ ಕೊನೆಯಲ್ಲಿ ತಾತನಿಗೆ ವಿಷಮಜ್ವರ ಬಂತು. ಗಾಡಿ ಕಟ್ಟಿಸಿ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಜ್ವರವೇನೋ ಇಳಿಯಿತು. ಮನೆಗೆ ಕಳಿಸುವಾಗ ಡಾಕ್ಟರು ಅಪ್ಪನಿಗೆ ಒತ್ತಿ ಒತ್ತಿ ಹೇಳಿದರು: ಕರುಳು ಹುಣ್ಣಾಗಿದೆ, ಮುದ್ದೆ ಕೊಡಬೇಡಿ, ಖಾರ ಕೊಡಬೇಡಿ, ಮೆತ್ತನೆ ಗಂಜಿ, ಇಲ್ಲದಿದ್ದರೆ ಹಾಲಲ್ಲಿ ಅದ್ದಿದ ಬ್ರೆಡ್ಡು, ಹೊಟ್ಟೆ ಖಾಲಿ ಬಿಟ್ಟರೆ ಮನುಷ್ಯ ಉಳಿಯುವುದಿಲ್ಲ.

ಉಮ್ಮತ್ತೂರಿಗೆ ಕೊಟ್ಟಿದ್ದ ಮಗಳು ಈರಮ್ಮ ಬಂದು ಕೆಲವು ದಿನ ಗಂಜಿ ಕಾಯಿಸಿ ಕೊಟ್ಟಳು. ಅಷ್ಟರಲ್ಲಿ ಅವಳ ಮನೆಯಲ್ಲಿ ಎಳೆಮಗುವಿಗೆ ಹುಷಾರು ತಪ್ಪಿತೆಂದು ಹೇಳಿಕಳಿಸಿದರು, ಹೋಗಲೇಬೇಕಾಯಿತು. ತಾತನಿಗೆ ಎದ್ದು ಕೂರಲೂ ತ್ರಾಣವಿಲ್ಲ, ಇನ್ನು ಮೂರು ಕಲ್ಲಿನ ಒಲೆ ಹಚ್ಚುವುದೆಲ್ಲಿಂದ ಬಂತು? ಪಕ್ಕದ ಮನೆಯ ಪುಟ್ಟಮಾದಮ್ಮ ಗಂಜಿ ತಂದರೆ, "ಮಗ ಇರೋ ಮನೇಲಿ ಕಂಡೋರ ಗಂಜಿ ಕುಡ್ದು ಬದುಕ್ಲಾ?" ಎಂದು ಅದನ್ನೂ ತಳ್ಳಿದರು. ಸೊಸೆಯ ಗಂಜಿಯ ಮಾತಂತೂ ಎತ್ತುವ ಹಾಗೇ ಇರಲಿಲ್ಲ. ಅಪ್ಪ ಮೈಸೂರಿನ ಬಸ್ಸಿನವರಿಗೆ ಹೇಳಿ ಬ್ರೆಡ್ಡು ತರಿಸಿದರು. ತಾತ ಅದನ್ನು ಮೂಸಿ ನೋಡಿ, "ಇದ್ನ ಯೆಂಡ ಆಕಿ ಉಬ್ಬುಸ್ತಾರಂತೆ ಕಣ್ಲಾ, ಒಳಕ್ಕೆ ಮೊಟ್ಟೇನೂ ಒಡಿತಾರಂತೆ. ಮಾದಪ್ಪನ ಮುಂದೆ ನಿಂತ್ಕಳೋ ಬಾಯಿಗೆ ಇದ್ನ ತುರುಕ್ಬೇಡ" ಎಂದರು. ಬರಿಯ ಹಾಲು ಕುಡಿಯುತ್ತಿದ್ದರು. ಅದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ದಿನದಿಂದ ದಿನಕ್ಕೆ ಕೆನ್ನೆಯ ಮೂಳೆ ಎದ್ದು ಬಂತು.

ಅಪ್ಪ ಕಾಡಿನ ಡ್ಯೂಟಿಗೆ ಹೋಗದೆ ವಿಧಿಯಿರಲಿಲ್ಲ. ಮನೆಯಲ್ಲಿ ಉಳಿದವರು ಸಾಯುತ್ತಿರುವ ಮಾವ, ಮುಟ್ಟಬಾರದ ಸೊಸೆ. ಬೀದಿಯಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ಕಾಲ್ಗುಣ ಎಂದರು. ಮೊದಲನೆಯವನನ್ನು ನುಂಗಿದಳು, ಈಗ ಮಾವನನ್ನು ನುಂಗುತ್ತಾಳೆ ಎಂದರು. ಅವ್ವ ಅಪ್ಪನಿಗೆ ಹೇಳಿದಳಂತೆ: "ಮಾವ ಇಂಗೇ ಓಗ್ಬುಟ್ರೆ ನಾನು ಈ ಮನೇಲಿ ಇರಾಕಾಗಲ್ಲ. ಎದ್ದು ನಿಂತು ತಿರ್ಗ ಆ ಮೂರು ಕಲ್ಲು ಹಚ್ಚುದ್ರೂ ಇರಾಕಾಗಲ್ಲ. ಚಂದಕವಾಡಿಗೆ ಓಯ್ತೀನಿ. ನಮ್ಮವ್ವನ ಮನೇಲಿ ಕೂಲಿ ಮಾಡ್ಕಂಡಿರ್ತೀನಿ." ಅಪ್ಪ ಕೋಲು ಹಿಡಿದು ಮತ್ತೆ ಡ್ಯೂಟಿಗೆ ಹೊರಟರು.

ಆಗ ಅವ್ವನಿಗೆ ಗೂಡಲೂರು ನೆನಪಾಯಿತು. ಅಲ್ಲಿ ಅವಳ ಮನೆಯ ಹಿಂಗೋಡೆಗೆ ತಾಗಿಕೊಂಡೇ ಒಬ್ಬ ಮಲೆಯಾಳಿ ಕಾಕನ ಬೇಕರಿ ಇತ್ತು. ಚಳಿಯಲ್ಲಿ ಆ ಗೋಡೆಗೆ ಬೆನ್ನು ಕೊಟ್ಟು ಕೂತರೆ ಬೆಚ್ಚಗಿರುತ್ತಿತ್ತು. ಹಿಂಬಾಗಿಲಿನಿಂದ ಎಲ್ಲ ಕಾಣುತ್ತಿತ್ತು. ಮೈದಾ ನಾದುವುದು, ಕಳ್ಳು ಹಾಕಿ ಉಬ್ಬಿಸುವುದು, ಮೊಟ್ಟೆ ಬಳಿಯುವುದು, ಗೂಡಿನಂಥ ಒಲೆಯಲ್ಲಿಟ್ಟು ಸುಡುವುದು. ಅವ್ವನ ಹತ್ತಿರ ಮೈದಾ ಇಲ್ಲ. ಕಳ್ಳು, ಮೊಟ್ಟೆ ಈ ಮನೆಯ ಹೊಸಿಲು ದಾಟುವಂತಿಲ್ಲ. ಗೂಡಿನ ಒಲೆಯೂ ಇಲ್ಲ. ಬನ್ನಿಗೆ ಬೇಕಾದ್ದರಲ್ಲಿ ಅವಳಿಗಿದ್ದದ್ದು ಬೆಂಕಿ ಒಂದೇ.

ರೇಷನ್ನಿನಲ್ಲಿ ಬಂದಿದ್ದ ಕೆಂಪು ಗೋಧಿ ಮೂಲೆಯಲ್ಲಿ ಬಿದ್ದಿತ್ತು. ರಾಗಿ ಉಣ್ಣುವ ನಮ್ಮ ಊರಿನಲ್ಲಿ ಅದನ್ನು ಕೇಳುವವರಿರಲಿಲ್ಲ. ಬೀಸುಕಲ್ಲಿನಲ್ಲಿ ನುಣ್ಣಗೆ ಬೀಸಿ, ಅಪ್ಪನ ಹೊಸ ಪಂಚೆಯಲ್ಲಿ ಜರಡಿ ಹಿಡಿದಳು. ಬೂಸಾ ಮೇಲೆ ನಿಂತು ಮೆತ್ತನೆಯ ಹಿಟ್ಟು ಕೆಳಗಿಳಿಯಿತು. ಹಾಲು ಸುರಿದು, ಕಳ್ಳಿನ ಬದಲಿಗೆ ಹುಳಿ ಬಂದ ದೋಸೆಹಿಟ್ಟು ಹಾಕಿ ಕಲಸಿದಳು. ರಾಗಿ ಹುರಿಯುವ ಮಣ್ಣಿನ ಓಡಿನಲ್ಲಿ ಮರಳು ಹರವಿ, ಅದರ ಮೇಲೆ ಮುತ್ತುಗದ ಎಲೆಗೆ ಬೆಣ್ಣೆ ಸವರಿ ಉಂಡೆಗಳನ್ನಿಟ್ಟಳು. ಇನ್ನೊಂದು ಓಡನ್ನು ಬೋರಲು ಮುಚ್ಚಿ ಅದರ ಮೇಲೂ ಕೆಂಡ ಸುರಿದಳು. ಕೆಳಗೂ ಕೆಂಡ, ಮೇಲೂ ಕೆಂಡ. ಸ್ವಲ್ಪ ಹೊತ್ತಿಗೆ ಬೀದಿಗೆಲ್ಲ ವಾಸನೆ ಹರಡಿ, ಪುಟ್ಟಮಾದಮ್ಮ ಕೆಲಸ ಬಿಟ್ಟು ಓಡಿಬಂದಳು. ಬನ್ನು ಚೆನ್ನಾಗಿ ಉಬ್ಬಿ, ಮೇಲೆ ಕೆಂಪಗೆ ಬೆಂದಿತ್ತು. ಮೊದಲ ಸಲಕ್ಕೇ ಅಷ್ಟು ಚೆನ್ನಾಗಿ ಬಂದಿತ್ತು.

ತಾತ ಚಾಪೆಯ ಮೇಲೆ ಮೊಣಕೈ ಊರಿ ಎದ್ದರು. ಬನ್ನನ್ನು ನೋಡಿದರು. ಕಂಬವನ್ನು ನೋಡಿದರು. "ಇದ್ಕೆ ನೀರು ಆಕಿದ್ದಾ?" ಎಂದು ಕಂಬವನ್ನು ಕೇಳಿದರು.

ಅವ್ವನಿಗೆ ಹಾಲು, ಬೆಣ್ಣೆ, ಹಿಟ್ಟು ಎಲ್ಲ ನೆನಪಿತ್ತು. ದೋಸೆಹಿಟ್ಟಿನ ನೀರು ಮಾತ್ರ ಆಗ ನೆನಪಾಯಿತು. ಉದ್ದು ನೆನೆಸಿದ್ದು ಅವಳ ಕೈಯಲ್ಲೇ, ಅವಳು ಸೇದಿದ ನೀರಿನಲ್ಲೇ. "ಊಂ ಮಾವ. ದ್ವಾಸೆಇಟ್ಟಲ್ಲಿ ಅದೆ" ಎಂದಳು. ತಾತ ಗೋಡೆಯ ಕಡೆ ತಿರುಗಿ ಮಲಗಿದರು.

ಪುಟ್ಟಮಾದಮ್ಮ ಹಿತ್ತಿಲಿಗೆ ಎಳೆದುಕೊಂಡು ಹೋಗಿ ಬೈದಳು. "ಇಲ್ಲ ಅಂದ್ಬುಟ್ಟಿದ್ರೆ ನಿನ್ನ ಗಂಟೇನು ಓಗದಮ್ಮಿ? ಮುದುಕ ತಿಂದು ಬದುಕ್ತಿತ್ತಲ್ಲ!" ಅವ್ವ ಹೇಳಿದಳಂತೆ: "ತಿಂದು ಬದುಕಿ, ಆಮೇಕೆ ತಿಳ್ಕಂಡ್ರೆ? ನಾನು ಯಾರ್ ಕಣ್ಣಲ್ಲಿ ಬದುಕ್ಲಿ ಅಕ್ಕ?" ನಾನಾಗಿದ್ದರೆ ಖಂಡಿತ ಸುಳ್ಳು ಹೇಳುತ್ತಿದ್ದೆ. ನನ್ನ ಅವ್ವನ ಮೇಲೆ ನನಗೆ ಇರುವ ಗೌರವದ ಅರ್ಧಭಾಗ ಈ ಒಂದು ಮಾತಿನಿಂದಲೇ ಬಂದದ್ದು.

ಆ ವಾರ ಮನೆಗೆ ಬಂದ ಅಪ್ಪ ಇದನ್ನು ಕೇಳಿ ಒಂದು ಸಂಗತಿ ನೆನಪಿಸಿಕೊಂಡರು. ತಾತ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವಾಗ ದಾರಿಯ ಹಳ್ಳಿಗಳಲ್ಲಿ ಯಾರ ಮನೆಯ ಅನ್ನವನ್ನೂ ಮುಟ್ಟುತ್ತಿರಲಿಲ್ಲ. ಆದರೆ ಬರಿಯ ಹಾಲಿನಲ್ಲಿ ಕಲಸಿ ಸುಟ್ಟ ರೊಟ್ಟಿಯನ್ನು ಯಾರು ಕೊಟ್ಟರೂ ತಿನ್ನುತ್ತಿದ್ದರು. ಹಾಲು ಹಸುವಿನದು, ಬೆಂಕಿ ದೇವರದು, ಅದಕ್ಕೆ ಯಾರ ಕೈಯ ದೋಷವೂ ಹತ್ತುವುದಿಲ್ಲ ಎಂಬುದು ಅವರ ಲೆಕ್ಕ. "ಅಂಗಾರೆ ಒಂದ್ ತೊಟ್ಟೂ ನೀರಿಲ್ದೆ ಮಾಡನ ಬುಡಿ" ಎಂದಳು ಅವ್ವ.

ಹೇಳಿದಷ್ಟು ಸುಲಭವಿರಲಿಲ್ಲ. ಹಿಟ್ಟಿಗೆ ಗಟ್ಟಿ ಮೊಸರು ಹಾಕಿ, ಹಾಲಿನಲ್ಲಿ ಕಲಸಿ, ಅದೇ ಮಧ್ಯಾಹ್ನ ಸುಟ್ಟಳು. ಉಬ್ಬಲೇ ಇಲ್ಲ. ಕೋಪದಲ್ಲಿ ಅಪ್ಪ ಒಂದನ್ನು ಬೀದಿಗೆ ಎಸೆದರೆ, ನಾಯಿ ಅದನ್ನು ಕಚ್ಚಿಕೊಂಡು ಹೋಗಿ, ಮಾರನೆಯ ದಿನ ಹಾಗೇ ತಂದು ನಮ್ಮ ಬಾಗಿಲಲ್ಲಿ ಇಟ್ಟು ಹೋಯಿತಂತೆ. ಇದು ಅಪ್ಪನ ಮಾತು, ಅಷ್ಟೂ ನಂಬಬೇಕಾಗಿಲ್ಲ.

ಕಳ್ಳು ಇಲ್ಲದ ದಿನ ಗೂಡಲೂರಿನ ಕಾಕನ ಹೆಂಡತಿ ಎಳನೀರನ್ನು ಹುಳಿಯಲು ಬಿಟ್ಟು ಅದನ್ನೇ ಹಾಕುತ್ತಿದ್ದದ್ದು ಅವ್ವನಿಗೆ ಜ್ಞಾಪಕಕ್ಕೆ ಬಂತು. ಆದರೆ ಎಳನೀರು ನೀರೋ ಅಲ್ಲವೋ? ಇದನ್ನು ತೀರ್ಮಾನ ಮಾಡುವವಳು ಅವಳಲ್ಲ. ಜಗುಲಿಗೆ ಬಂದು ಕಂಬದ ಪಕ್ಕ ನಿಂತಳು.

"ಎಳನೀರು ನೀರಾ ಮಾವ?"

ತಾತ ಕಣ್ಣು ಬಿಟ್ಟರು. ಕಾಯಿಲೆ ಬಿದ್ದ ಮೇಲೆ ಅವರನ್ನು ಯಾರೂ ಏನೂ ಕೇಳಿರಲಿಲ್ಲ. ಬರೀ ತಿನ್ನಿ, ಕುಡಿಯಿರಿ, ಮಲಗಿ ಎನ್ನುತ್ತಿದ್ದರು. ಈಗ ಒಂದು ನ್ಯಾಯ ಅವರ ಮುಂದೆ ಬಂದಿತ್ತು. ಸೂರು ನೋಡುತ್ತಾ ಯೋಚಿಸಿದರು. "ಅದು ಕೊಡ ಮುಳುಗ್ಸಿ ತಂದದ್ದಲ್ಲ. ಮಾದಪ್ಪ ಮರದ ಮೇಲೆ ತುಂಬಿ ಮಡಗಿರೋದು. ನೀರಲ್ಲ" ಎಂದು ಕಂಬಕ್ಕೆ ತೀರ್ಪು ಕೊಟ್ಟರು.

"ಪುಟ್ಟಮಾದು ಆಲಿಗೆ ನೀರು ಆಕ್ತಾನಲ್ಲ ಮಾವ?" ಎಂದು ಅವ್ವ ಮುಂದಿನ ಪ್ರಶ್ನೆ ಇಟ್ಟಳು. ಪುಟ್ಟಮಾದು ನಮ್ಮ ಬೀದಿಗೆ ವರ್ತನೆ ಹಾಲು ಕೊಡುತ್ತಿದ್ದವನು. ನಮ್ಮ ಕೊಟ್ಟಿಗೆಯಲ್ಲಿದ್ದದ್ದು ಎತ್ತುಗಳು ಮಾತ್ರ. ಅವನ ಹಾಲಿನ ವಿಷಯ ಊರಿಗೆಲ್ಲ ಗೊತ್ತಿದ್ದರೂ ತಾತನ ಮುಂದೆ ಯಾರೂ ಎತ್ತಿರಲಿಲ್ಲ, ಅಷ್ಟು ದಿನ ಅದನ್ನೇ ಕುಡಿದು ಮಡಿಯಾಗಿದ್ದರಲ್ಲ. ತಾತ ಸಿಕ್ಕಿಬಿದ್ದರು. "ಅವ ಆಕುದ್ದು ಅವನ ಪಾಪ. ನಮ್ದೇನದೆ?" ಎಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಈ ಮನೆಗೆ ಬಂದ ಮೇಲೆ ಅವಳಿಗೆ ನಗು ಬಂದದ್ದು ಅದೇ ಮೊದಲಂತೆ.

ಅಂದಿನಿಂದ ಕಂಬಕ್ಕೆ ಬಿಡುವಿಲ್ಲದ ಕೆಲಸ. ಮೊಟ್ಟೆಯ ಬದಲು ಕಳಿತ ಬಾಳೆಹಣ್ಣು ಕಿವುಚಿ ಹಾಕಬಹುದೇ? ಹಾಕಬಹುದು, ಆದರೆ ಹಣ್ಣು ತೊಳೆಯಬಾರದು, ಬಟ್ಟೆಯಲ್ಲಿ ಒರೆಸಬೇಕು. ಉಪ್ಪು? ಉಪ್ಪು ಸಮುದ್ರದ್ದು, ಆದರೂ ಒಣಗಿದೆ, ನಡೆಯುತ್ತದೆ. ಬೆಲ್ಲ? ಕಬ್ಬಿನ ಹಾಲು ಕಾಯಿಸಿದ್ದು, ದೋಷವಿಲ್ಲ. ಕೈ ತೊಳೆದ ಮೇಲೆ? ಕೆಂಡದ ಮೇಲೆ ಹಿಡಿದು ಪೂರ್ತಿ ಒಣಗಿಸಿಕೊಂಡು ಆಮೇಲೆ ಹಿಟ್ಟು ಮುಟ್ಟಬೇಕು. ಸಾಯಲು ಮಲಗಿದ್ದ ಮುದುಕ ತಮಗೆ ಬೇಕಾದ ಬನ್ನಿಗೆ ತಾವೇ ಕಾನೂನು ಬರೆಯುತ್ತಾ ಎದ್ದು ಕೂತರು. ಬದುಕುವ ಆಸೆ ಅವರಿಗೆ ಆಗಲೇ ಬಂದಿತ್ತು ಎಂದು ಅಪ್ಪ ಹೇಳುತ್ತಿದ್ದರು. ನನಗೂ ಹಾಗೇ ಅನ್ನಿಸುತ್ತದೆ.

ಹುಳಿತ ಎಳನೀರಿನಲ್ಲಿ ಹಿಟ್ಟು ಕಲಸಿ, ಒಲೆಯ ಪಕ್ಕ ಕುಕ್ಕೆಯ ಅಡಿ ಇಟ್ಟಳು. ಅದು ನೊರೆನೊರೆಯಾಗಿ ಎದ್ದ ಮೇಲೆ ಹಾಲು, ಬಾಳೆಹಣ್ಣು, ಬೆಲ್ಲ, ಬೆಣ್ಣೆ ಹಾಕಿ ಮತ್ತೆ ನಾದಿ ಮತ್ತೆ ಮುಚ್ಚಿಟ್ಟಳು. ಬೆಳಗಿನ ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ಓಡು ಒಲೆಗೇರಿತು. ಬೆಂದ ಬನ್ನು ಮೊದಲಿನಷ್ಟು ಚೆಂದವಿರಲಿಲ್ಲ. ಒಂದು ಪಕ್ಕ ವಾಲಿತ್ತು, ಬಾಳೆಹಣ್ಣಿನಿಂದ ಬಣ್ಣ ಕಪ್ಪಾಗಿತ್ತು, ಎಲೆಯ ನರಗಳ ಗುರುತು ಅಡಿಯಲ್ಲಿ ಮೂಡಿತ್ತು. ಒಳಗೆ ಮಾತ್ರ ಮೆತ್ತಗಿತ್ತು.

ಅವ್ವ ಅದನ್ನು ಜಗುಲಿಯ ಮೇಲಿಟ್ಟು ಕಂಬದ ಹಿಂದೆ ನಿಂತಳು. ತಾತ ಕೇಳಲಿಲ್ಲ. ಕೇಳುವುದಕ್ಕೆ ಏನೂ ಉಳಿದಿರಲಿಲ್ಲ, ಒಂದೊಂದನ್ನೂ ಅವರೇ ಒಪ್ಪಿದ್ದರು. ಒಂದು ಚೂರು ಮುರಿದು ಪುಟ್ಟಮಾದುವಿನ ಹಾಲಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ನಿಧಾನವಾಗಿ ನುಂಗಿದರು. ಇನ್ನೊಂದು ಚೂರು ಮುರಿದರು. ಅವ್ವ ಹಿತ್ತಿಲಿಗೆ ಹೋಗಿ, ಒಣಗಿಸಿದ ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತಳು.

ತಾತ ನನಗೆ ಹೇಳುವಾಗ ಇದು ಬೇರೆಯೇ. "ನಂಗೇನು ಅಸಿವಾಗಿರ್ನಿಲ್ಲ ಕಣಮ್ಮಿ. ಅದು ಬನ್ನೋ ಬೆರಣಿಯೋ ನೋಡ್ಮ ಅಂತ ತಿಂದೆ." ಹಾಗೆ ನೋಡುತ್ತಾ ನೋಡುತ್ತಾ ಅವರು ಆ ಇಡೀ ತಿಂಗಳು ತಿಂದರು.

ಆ ಬನ್ನಿನಿಂದ ಅವ್ವನಿಗೆ ಬೀದಿಯಲ್ಲಿ ಬೇರೆ ಹೆಸರು ಬಂತು. ಯಾರ ಮನೆಯಲ್ಲಿ ಜ್ವರ ಬಂದರೂ ಒಂದು ಹಿಡಿ ಗೋಧಿ, ಒಂದು ಎಳನೀರು ತಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕಾಲ್ಗುಣ ಎಂದವರೂ ಬಂದರು. ಅವ್ವ ಒಬ್ಬರನ್ನೂ ಬರಿಗೈಲಿ ಕಳಿಸಲಿಲ್ಲ. ಅವರವರ ಕಾಯಿಲೆಗೆ, ಅವರವರ ಮನೆಯ ಪದ್ಧತಿಗೆ ಒಂದೊಂದು ಬದಲಾವಣೆ. ಬಾಳೆಹಣ್ಣು ಆಗದವರಿಗೆ ಬೇಯಿಸಿದ ಸಿಹಿಗುಂಬಳ. ಬೆಣ್ಣೆ ಇಲ್ಲದವರಿಗೆ ಹುಚ್ಚೆಳ್ಳಿನ ಎಣ್ಣೆ. ಗೋಧಿ ಸಿಗದ ಕಾಲದಲ್ಲಿ ರಾಗಿಯ ಅರಳುಹಿಟ್ಟು. ಮೈಸೂರಿನ ಬ್ರೆಡ್ಡು ಅಂಗಡಿ ಅಂಗಡಿಗೆ ಬಂದ ಮೇಲೂ ಕೆಲವರು ಅವಳನ್ನೇ ಕೇಳಿಕೊಂಡು ಬರುತ್ತಿದ್ದರು. ನಾನು ಅದನ್ನು ತಿಂದೇ ಬೆಳೆದೆ. ನನ್ನ ಹಲ್ಲು, ನನ್ನ ಮೂಳೆ, ನನ್ನ ಬಾಯಿಬಡುಕತನ ಎಲ್ಲಕ್ಕೂ ನಾನು ಅವಳಿಗೆ ಋಣಿ.

ಆದರೆ ಇದೆಲ್ಲ ಆಮೇಲಿನ ಮಾತು. ತಾತನ ಮೈಗೆ ಶಕ್ತಿ ಬಂದಂತೆಲ್ಲ ಅವ್ವನ ಜೀವ ಹಗುರವಾಗುವ ಬದಲು ಭಾರವಾಗುತ್ತಾ ಹೋಯಿತು. ಮಾವ ಬದುಕಿದ್ದರು, ಸರಿ. ಆದರೆ ಬದುಕಿಸಿದ್ದು ನೀರಿಲ್ಲದ ಬನ್ನು. ಅವಳ ಕೈಯ ನೀರು ಎಲ್ಲಿತ್ತೋ ಅಲ್ಲೇ ಇತ್ತು. ಜಗುಲಿಯ ಮೂಲೆಯ ಮೂರು ಕಲ್ಲುಗಳೂ ಹಾಗೇ ಇದ್ದವು. ತಾತ ಕೋಲು ಹಿಡಿದು ಅಂಗಳದಲ್ಲಿ ಓಡಾಡತೊಡಗಿದರು. ಆಮೇಲೆ ಕೋಲನ್ನೂ ಬಿಟ್ಟರು. ಅವ್ವ ತನ್ನ ಸೀರೆಗಳನ್ನು ಮಡಿಸಿ ಒಂದು ಕಡೆ ಜೋಡಿಸಿಟ್ಟಳು.

ಅಪ್ಪ ರಜೆಯಲ್ಲಿ ಮನೆಗೆ ಬಂದಿದ್ದ ಒಂದು ಬೆಳಗ್ಗೆ, ತಾತ ಸ್ನಾನ ಮಾಡಿ, ಪೂಜೆ ಮಾಡಿ, ವಿಭೂತಿ ಬಳಿದುಕೊಂಡು ಬಾವಿಯ ಕಡೆ ಹೋದರು. ತಾವೇ ನೀರು ಸೇದಿದರು. ಅಜ್ಜಿಯ ಕಾಲದ ತಾಮ್ರದ ಕೊಡ ತುಂಬಿ ಹೆಗಲಿಗಿಟ್ಟುಕೊಂಡು ಬಂದರು. ಅಡಿಗೆಮನೆಯ ಕಿಂಡಿಯಿಂದ ಅವ್ವ ನೋಡಿದಳು. ಮುಗಿಯಿತು, ಇವತ್ತು ಕಲ್ಲಿನ ಒಲೆ ಹೊತ್ತುತ್ತದೆ ಎಂದುಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು.

ತಾತ ಜಗುಲಿ ಹತ್ತಿದರು. ಮೂಲೆಯ ಕಡೆ ಹೋಗಲಿಲ್ಲ. ಕಂಬದ ಹತ್ತಿರವೂ ನಿಲ್ಲಲಿಲ್ಲ. ನಡುಮನೆ ದಾಟಿ ಅಡಿಗೆಮನೆಯ ಹೊಸಿಲಿಗೆ ಬಂದು, ಆ ಕೊಡವನ್ನು ಅವ್ವನ ಮುಂದೆ ಇಳಿಸಿದರು. ಏದುಸಿರು ಬಿಡುತ್ತಿದ್ದರು. ಅವಳ ಮುಖ ನೋಡಿ, ಅವಳು ಆ ಮನೆಗೆ ಬಂದ ಮೇಲೆ ಮೊದಲ ಸಲ ಅವಳಿಗೇ ಹೇಳಿದರು:

"ಬನ್ನು ತಿಂದು ತಿಂದು ಬಾಯಿ ಜಡ್ಡಾಯ್ತು ಕಣವ್ವ ಗುರುಮಲ್ಲಿ. ಎಸರಿಕ್ಕು. ಒಂದು ಮುದ್ದೆ ತಿರುವು."

ಅವ್ವ ಎದ್ದು ಕೊಡಕ್ಕೆ ಕೈಹಾಕಿದಳು. ತಾತ ಅಲ್ಲೇ ಹೊಸಿಲ ಒಳಗೆ ಗೋಡೆಗೆ ಒರಗಿ ಕೂತು, ಎಸರು ಕುದಿಯುವುದನ್ನೂ, ಹಿಟ್ಟು ಬೀಳುವುದನ್ನೂ, ಅವಳು ಕೈಯನ್ನು ನೀರಿನಲ್ಲಿ ಅದ್ದಿ ಮುದ್ದೆ ಕಟ್ಟುವುದನ್ನೂ ನೋಡುತ್ತಿದ್ದರು. ಅಪ್ಪ ಬಾಗಿಲ ಹೊರಗೇ ನಿಂತಿದ್ದರು. ಆ ಗಡಿಬಿಡಿಯಲ್ಲಿ ಅವ್ವ ಹುರುಳಿಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದಳು, ಬಡಿಸಿದ ಮೇಲೆ ಗೊತ್ತಾಯಿತು. ಎಲ್ಲದರಲ್ಲೂ ತಪ್ಪು ಹುಡುಕುವ ಮನುಷ್ಯ ಎರಡು ಮುದ್ದೆ ಉಂಡು, ತಟ್ಟೆಯನ್ನು ಬೆರಳಿಂದ ಬಳಿದು, ಉಪ್ಪಿನ ಸುದ್ದಿಯನ್ನೇ ಎತ್ತದೆ ಎದ್ದು ಕೈ ತೊಳೆಯಲು ಹೋದರು.